ದಾಳ ಇರಲಿ, ಪಣ ಬೇಡ: ಬ್ಯಾಕ್‌ಗ್ಯಾಮನ್ ಆಟದ ಚರಿತ್ರೆ ಮತ್ತು ಮೊದಲ ಪಾಠ



ರಜೆಯಲ್ಲಿ ಮಕ್ಕಳಿಗೆ ಹೊಸ ಆಟವೊಂದನ್ನು ಕಲಿಸೋಣ ಎಂಬ ಮಾತು ನಮ್ಮ ಕೂಟದಲ್ಲಿ ಬಂದಾಗ ನಾನು ಬ್ಯಾಕ್‌ಗ್ಯಾಮನ್ ಹೆಸರು ಹೇಳಿದೆ. ಎರಡು ದಾಳ, ಮೂವತ್ತು ಕಾಯಿ ಎಂದು ವಿವರಿಸುತ್ತಿದ್ದಂತೆ ಕಾಕು ಒಬ್ಬರು, "ತಮ್ಮಾ, ದಾಳ ಒಗದು ಆಡೂದಂದ್ರ ಜೂಜಾಟ ಅಲ್ಲೇನೋ? ಚರ್ಚಿನ್ಯಾಗ ಅದನ್ನ ಕಲಸ್ತೀರೇನು?" ಎಂದು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಈ ಪ್ರಶ್ನೆ ಇವತ್ತಿನದಲ್ಲ, ಸಾವಿರದ ಏಳುನೂರು ವರ್ಷಗಳಿಂದ ಧರ್ಮಸಭೆಯಲ್ಲಿ ಕೇಳಿಬರುತ್ತಿದೆ. ನಮ್ಮ ಕನ್ನಡ ನಾಡಿನ ಕಾವ್ಯಗಳಲ್ಲಿ, ಬಯಲಾಟಗಳಲ್ಲಿ ಇನ್ನೂ ಜೋರಾಗಿ ಕೇಳಿಬಂದಿದೆ. ಆದ್ದರಿಂದ ಆಟ ಕಲಿಸುವ ಮೊದಲು ಅದರ ಚರಿತ್ರೆ ಹೇಳುತ್ತೇನೆ. ಆಮೇಲೆ ಆಡುವ ಬಗೆ. ಕೊನೆಗೆ ಕಾಕುವಿನ ಪ್ರಶ್ನೆಗೆ ನನಗೆ ತಿಳಿದ ಉತ್ತರ.

ಗೊತ್ತಿರುವ ಆಟದಿಂದ ಶುರು ಮಾಡೋಣ

ನಮ್ಮ ಕರಜಗಿ ಇರುವುದು ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನಲ್ಲಿ. ತಾಲೂಕಿನ ಪೂರ್ವಕ್ಕೆ ವಿಜಯಪುರ ಜಿಲ್ಲೆ, ದಕ್ಷಿಣಕ್ಕೆ ಬೆಳಗಾವಿ ಜಿಲ್ಲೆ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ. ಆಟದ ಮಾತಿಗೂ ಇಲ್ಲಿ ಎರಡು ನಾಲಿಗೆ. ನಾವು ಪಗಡಿ ಅನ್ನುವುದನ್ನು ಮರಾಠಿಯವರು ಸಾರಿಪಾಟ ಅನ್ನುತ್ತಾರೆ. ನಮ್ಮ ಕಾಯಿ ಅವರಿಗೆ ಸೋಂಗಟಿ, ನಮ್ಮ ದಾಳ ಅವರಿಗೆ ಫಾಸಾ. ಕವಡಿ ಮಾತ್ರ ಇಬ್ಬರಿಗೂ ಕವಡಿಯೇ.

ಅಜ್ಜಿಯರು ಅಂಗಳದಲ್ಲಿ ಗೆರೆ ಎಳೆದು ಆಡುವ ಚೌಕಾಬಾರ ನೆನಪಿಸಿಕೊಳ್ಳಿ. ಐದು ಸಾಲು, ಸಾಲಿಗೆ ಐದು ಮನೆ, ನಾಲ್ಕು ಕವಡಿ. ಎಷ್ಟು ಕವಡಿ ಬಾಯಿ ಮೇಲಾಗಿ ಬಿದ್ದವೋ ಅಷ್ಟು ಮನೆ ನಡೆ. ನಾಲ್ಕೂ ಮೇಲಾದರೆ ಚೌಕಾ, ನಾಲ್ಕೂ ಬೋರಲಾದರೆ ಎಂಟು, ಅದೇ ಬಾರಾ. ಸುತ್ತು ಹಾಕಿ, ಎದುರಿನವರ ಕಾಯಿ ಹೊಡೆದು, ನಡುಮನೆ ಸೇರಿದರೆ ಕಾಯಿ ಹಣ್ಣಾಯಿತು. ಪಗಡಿಯೂ ಹೀಗೆಯೇ, ಆದರೆ ಹಾಸು ದೊಡ್ಡದು. ಕೂಡಿಸುವ ಗುರುತಿನ ಆಕಾರದ ಬಟ್ಟೆ, ನಾಲ್ಕು ತೋಳು, ಒಂದೊಂದು ತೋಳಿನಲ್ಲಿ 24 ಮನೆ, ಒಟ್ಟು 96. ನಾಲ್ಕು ಬಣ್ಣದ 16 ಕಾಯಿ, ಉದ್ದನೆಯ ದಾಳ.

ಈ ಜಾತಿಯ ಆಟಗಳನ್ನು ಓಟದ ಆಟಗಳು ಎನ್ನಬಹುದು. ದಾಳ ಅಥವಾ ಕವಡಿ ಹೇಳಿದಷ್ಟು ದೂರ ಕಾಯಿ ಓಡಬೇಕು, ದಾರಿಯಲ್ಲಿ ಹೊಡೆತ ತಪ್ಪಿಸಿಕೊಳ್ಳಬೇಕು, ಎಲ್ಲರಿಗಿಂತ ಮೊದಲು ಮನೆ ಮುಟ್ಟಬೇಕು. ಬ್ಯಾಕ್‌ಗ್ಯಾಮನ್ ಕೂಡ ಇದೇ ಜಾತಿ. ಹೆಸರು ಪರದೇಶದ್ದು, ಆಟದ ಗುಣ ನಮಗೆ ಗೊತ್ತಿರುವುದೇ.

ದಾಳದ ಹಳೆಯ ಜಾಡು

ಸಿಂಧೂ ಕಣಿವೆಯ ಮೊಹೆಂಜೊದಾರೊ, ಹರಪ್ಪಾ ಊರುಗಳ ಅಗೆತದಲ್ಲಿ ಸುಟ್ಟ ಮಣ್ಣಿನ ಚೌಕನೆಯ ದಾಳಗಳು ಸಿಕ್ಕಿವೆ. ಇವತ್ತಿನ ಲೂಡೋ ದಾಳದಂತೆಯೇ ಆರು ಮುಖ, ಮುಖದ ಮೇಲೆ ಚುಕ್ಕಿ. ನಾಲ್ಕು ಸಾವಿರ ವರ್ಷಕ್ಕೂ ಹಿಂದಿನವು. ಹೆಚ್ಚು ಕಡಿಮೆ ಅದೇ ಯುಗದಲ್ಲಿ ಈಗಿನ ಇರಾಕಿನ ಊರ್ ಎಂಬ ಪಟ್ಟಣದಲ್ಲೂ ಜನ ಆಡುತ್ತಿದ್ದರು. ಊರ್ ಎಂದರೆ ಆದಿಕಾಂಡದಲ್ಲಿ ಅಬ್ರಹಾಮನು ಬಿಟ್ಟು ಹೊರಟ ಪಟ್ಟಣದ ಹೆಸರು. 1920ರ ದಶಕದಲ್ಲಿ ಲಿಯೊನಾರ್ಡ್ ವುಲಿ ಅಲ್ಲಿನ ರಾಜಸಮಾಧಿಗಳನ್ನು ಅಗೆಸಿದಾಗ 20 ಮನೆಯ ಆಟದ ಹಲಗೆಗಳು ದೊರೆತವು. ಅದೂ ಓಟದ ಆಟವೇ. ಆ ಹಲಗೆಗಳಲ್ಲೊಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ.

ಬ್ಯಾಕ್‌ಗ್ಯಾಮನ್‌ಗೆ ಇನ್ನೂ ಹತ್ತಿರದ ನೆಂಟ ರೋಮಿನ 'ತಾಬುಲಾ'. ಹಲಗೆಯ ಮೇಲೆ 24 ಮನೆ, ಇಬ್ಬರು ಆಟಗಾರರು, ಒಬ್ಬೊಬ್ಬರಿಗೆ 15 ಕಾಯಿ. ಬೇರೆಯಾಗಿದ್ದುದು ದಾಳದ ಲೆಕ್ಕ, ಅಲ್ಲಿ ಮೂರು. 474ರಿಂದ ಆಳಿದ ಜೀನೋ ಎಂಬ ಚಕ್ರವರ್ತಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಈ ಆಟ ಆಡುತ್ತಿದ್ದಾಗ ಅವನಿಗೆ 2, 5, 6 ಬಿತ್ತು. ಅದುವರೆಗೆ ಚೆನ್ನಾಗಿದ್ದ ಅವನ ಆಟ ಆ ಒಂದೇ ಒಗೆತಕ್ಕೆ ಕೆಟ್ಟಿತು. ಜೋಡಿಯಾಗಿ ಭದ್ರವಾಗಿದ್ದ ಕಾಯಿಗಳು ಒಡೆದು ಒಂಟಿಯಾದವು. ಮುಂದಿನ ಶತಮಾನದ ಕವಿ ಅಗಾಥಿಯಾಸ್ ಆ ಹಲಗೆಯನ್ನು ಒಂದೊಂದು ಕಾಯಿಯ ಜಾಗ ಸಮೇತ ಪದ್ಯದಲ್ಲಿ ಬರೆದಿಟ್ಟ. ಹಾಗಾಗಿ ಚಕ್ರವರ್ತಿಯ ದುರದೃಷ್ಟವನ್ನು ನಾವು ಇಂದಿಗೂ ಹಲಗೆಯ ಮೇಲೆ ಜೋಡಿಸಿ ನೋಡಬಹುದು.

ಪರ್ಶಿಯಾದಲ್ಲಿ ಇದೇ ಬಗೆಯ ಆಟದ ಹೆಸರು 'ನರ್ದ್'. ಅದರ ಹುಟ್ಟಿನ ಬಗ್ಗೆ ಅಲ್ಲಿನ ಹಳೆಯ ಪಹ್ಲವಿ ಗ್ರಂಥವೊಂದರಲ್ಲಿ ಚಂದದ ಕಥೆ ಇದೆ. ಭಾರತದ ರಾಜನೊಬ್ಬ ಚದುರಂಗದ ಹಲಗೆ ಕಳಿಸಿ, "ಇದನ್ನು ಆಡುವುದು ಹೇಗೆ, ಬಿಡಿಸಿರಿ" ಎಂದು ಪರ್ಶಿಯಾದ ದೊರೆಗೆ ಸವಾಲು ಹಾಕಿದನಂತೆ. ಮಂತ್ರಿ ಬುಜುರ್ಗ್‌ಮಿಹ್ರ್ ಅದನ್ನು ಬಿಡಿಸಿದ್ದಲ್ಲದೆ ಉತ್ತರವಾಗಿ ನರ್ದ್ ಕಟ್ಟಿ ಭಾರತಕ್ಕೆ ಕಳಿಸಿದ. ಅವನ ವಿವರಣೆಯಲ್ಲಿ ಹಲಗೆ ಎಂದರೆ ಭೂಮಿ, ಮೂವತ್ತು ಕಾಯಿ ತಿಂಗಳ ಮೂವತ್ತು ದಿನ, ಉರುಳುವ ದಾಳ ಆಕಾಶದ ತಿರುಗಾಟ. ಇದು ಕಥೆ, ದಾಖಲೆಯಲ್ಲ. ಆದರೂ ಒಂದು ಮಾತು ತಿಳಿಯುತ್ತದೆ: ಚದುರಂಗದಲ್ಲಿ ಎಲ್ಲವೂ ಬುದ್ಧಿ, ನರ್ದ್‌ನಲ್ಲಿ ಬುದ್ಧಿಯ ಜೊತೆಗೆ ನಮ್ಮ ಕೈಮೀರಿದ್ದೂ ಒಂದಿದೆ ಎಂಬುದು ಆ ಕಾಲದವರಿಗೆ ಸ್ಪಷ್ಟವಾಗಿ ಗೊತ್ತಿತ್ತು.

ನಮ್ಮ ಸೀಮೆಯ ರಾಜ, ನಮ್ಮ ಸೀಮೆಯ ಆಟ

ಇಷ್ಟು ಓದಿದ ಮೇಲೆ ಇದು ಬೇರೆ ದೇಶದವರ ಆಟ ಅನ್ನಿಸಬಹುದು. ಹಾಗಲ್ಲ. ಎಲ್ಲೋರದ ಗುಹೆಗಳಿಗೆ ಪ್ರವಾಸ ಹೋದವರು 21ನೆಯ ಗುಹೆಯಲ್ಲಿ ಶಿವ ಪಾರ್ವತಿಯರು ಹಲಗೆಯ ಮುಂದೆ ಕೂತು ದಾಳದಾಟ ಆಡುತ್ತಿರುವ ಶಿಲ್ಪ ನೋಡಿರುತ್ತೀರಿ. 29ನೆಯ ಗುಹೆಯಲ್ಲೂ ಅದೇ ದೃಶ್ಯವಿದೆ. ಇಂಥ ಶಿಲ್ಪಗಳಲ್ಲಿ ಕಾಣುವ ಹಲಗೆ ಪಗಡಿಯ ಹಾಸಿನಂತಿಲ್ಲ, ಬ್ಯಾಕ್‌ಗ್ಯಾಮನ್ ಬಗೆಯ ಹಲಗೆಯನ್ನು ಹೋಲುತ್ತದೆ ಎಂದು ಆಟಗಳ ಚರಿತ್ರೆ ಅಭ್ಯಾಸ ಮಾಡಿದವರು ವಾದಿಸಿದ್ದಾರೆ. ಮುಂದೆ ಎಲ್ಲೋರ ರಾಷ್ಟ್ರಕೂಟರ ಕೈಗೆ ಬಂತು. ಅವರ ಕಾಲದ 'ಕವಿರಾಜಮಾರ್ಗ' ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿದೆ ಎನ್ನುತ್ತದೆ. ಆ ಎರಡು ನದಿಗಳ ನಡುವೆಯೇ ನಮ್ಮ ಜತ್ತ, ನಮ್ಮ ಕರಜಗಿ.

ರಾಷ್ಟ್ರಕೂಟರ ನಂತರ ಬಂದವರು ಕಲ್ಯಾಣದ ಚಾಲುಕ್ಯರು. ಇವರ ಕಲ್ಯಾಣ ಎಂದರೆ ಬೀದರ ಜಿಲ್ಲೆಯ ಈಗಿನ ಬಸವಕಲ್ಯಾಣ. ಕೃಷ್ಣಾ ಭೀಮಾ ನದಿಗಳ ನಡುವಿನ ನಮ್ಮ ಸೀಮೆಯೂ ಅವರ ಆಳ್ವಿಕೆಯಲ್ಲೇ ಇತ್ತು. ಆ ವಂಶದ ಮೂರನೆಯ ಸೋಮೇಶ್ವರ 1130ರ ಸುಮಾರಿಗೆ 'ಮಾನಸೋಲ್ಲಾಸ' ಎಂಬ ಸಂಸ್ಕೃತ ಗ್ರಂಥ ಬರೆಸಿದ. ಅದಕ್ಕೆ 'ಅಭಿಲಷಿತಾರ್ಥ ಚಿಂತಾಮಣಿ' ಎಂಬ ಇನ್ನೊಂದು ಹೆಸರೂ ಇದೆ. ಐದು ಭಾಗ, ಭಾಗಕ್ಕೆ ಇಪ್ಪತ್ತರಂತೆ ನೂರು ಅಧ್ಯಾಯ. ಅಡಿಗೆಯಿಂದ ಹಿಡಿದು ಆನೆ ಪಳಗಿಸುವವರೆಗೆ ರಾಜನಿಗೆ ಬೇಕಾದದ್ದೆಲ್ಲ ಅದರಲ್ಲಿದೆ. ಕೊನೆಯ ಭಾಗ ಪೂರ್ತಿ ಆಟಗಳಿಗೆ ಮೀಸಲು. ಅಲ್ಲಿ ಚದುರಂಗದ ನಂತರ ಪಾಶಕ ಕ್ರೀಡೆ, ಎಂದರೆ ದಾಳದಾಟ, ಅದರ ನಂತರ ಕವಡಿ ಆಟ ಬರುತ್ತವೆ. ಆ ದಾಳದಾಟವನ್ನು ವಿದ್ವಾಂಸರು ಬ್ಯಾಕ್‌ಗ್ಯಾಮನ್ ಕುಟುಂಬಕ್ಕೆ ಸೇರಿಸುತ್ತಾರೆ. ನೋಡಿ, ಇಂಗ್ಲಿಷಿನಲ್ಲಿ ಬ್ಯಾಕ್‌ಗ್ಯಾಮನ್ ಎಂಬ ಹೆಸರು ಕಾಣಿಸಿಕೊಂಡದ್ದು 17ನೆಯ ಶತಮಾನದಲ್ಲಿ. ಅದಕ್ಕೆ ಐದುನೂರು ವರ್ಷ ಮೊದಲೇ ನಮ್ಮನ್ನು ಆಳಿದ ರಾಜನೊಬ್ಬನ ಗ್ರಂಥದಲ್ಲಿ ಅದರ ದಾಯಾದಿ ಆಟಕ್ಕೆ ಜಾಗ ಸಿಕ್ಕಿತ್ತು.

ಧರ್ಮಸಭೆ ಬೇಡವೆಂದದ್ದು ಏನನ್ನು?

ಈಗ ಕಾಕು ಕೇಳಿದ ಪ್ರಶ್ನೆಗೆ ಬರೋಣ. ದಾಳದ ಬಗ್ಗೆ ಕ್ರೈಸ್ತರಿಗೆ ಹಳೆಯ ನೋವೊಂದಿದೆ. ಶಿಲುಬೆಯ ಬುಡದಲ್ಲಿ ಸೈನಿಕರು ಪ್ರಭುವಿನ ಹೊಲಿಗೆಯಿಲ್ಲದ ಅಂಗಿಗಾಗಿ ಚೀಟು ಹಾಕಿದ್ದನ್ನು ಯೊವಾನ್ನರ ಶುಭಸಂದೇಶದಲ್ಲಿ ಓದುತ್ತೇವೆ. ಸಂತ ಪೌಲರು ಎಫೆಸದವರಿಗೆ ಬರೆದ ಪತ್ರದ ನಾಲ್ಕನೆಯ ಅಧ್ಯಾಯದಲ್ಲಿ ಮನುಷ್ಯರ ಮೋಸದ ಬಗ್ಗೆ ಎಚ್ಚರಿಸುವಾಗ ಬಳಸಿದ ಗ್ರೀಕ್ ಪದ 'ಕುಬೇಯಾ'. ಅದರ ಮೂಲ ಅರ್ಥ ದಾಳದಾಟ. ಅಂದಿನ ಸಂತೆ ಬೀದಿಗಳಲ್ಲಿ ದಾಳ ಮತ್ತು ಮೋಸ ಅಷ್ಟು ಹತ್ತಿರದ ಗೆಳೆಯರಾಗಿದ್ದವು. ಆದರೆ ಅದೇ ಬೈಬಲಿನಲ್ಲಿ, ಯೂದನ ಜಾಗಕ್ಕೆ ಮತ್ತೀಯನನ್ನು ಆರಿಸಲು ಪ್ರೇಷಿತರು ಪ್ರಾರ್ಥಿಸಿ ಚೀಟು ಹಾಕುತ್ತಾರೆ. ಅಂದರೆ ಚೀಟಿಯಲ್ಲೇ ಪಾಪ ಕೂತಿಲ್ಲ.

300ರ ಆಸುಪಾಸಿನಲ್ಲಿ ಸ್ಪೇನಿನ ಎಲ್ವೀರಾ ಎಂಬಲ್ಲಿ ಧರ್ಮಾಧ್ಯಕ್ಷರ ಸಭೆಯೊಂದು ಸೇರಿತ್ತು. ಅದರ ಹೆಸರಿನಲ್ಲಿ ಉಳಿದುಬಂದ ವಿಧಿಗಳಲ್ಲಿ 79ನೆಯದು ಇದೇ ವಿಷಯದ್ದು, ಅದರಲ್ಲಿ ತಾಬುಲಾದ ಹೆಸರೇ ಇದೆ. ವಿಶ್ವಾಸಿಯೊಬ್ಬ ಹಣ ಕಟ್ಟಿ ತಾಬುಲಾ ಆಡಿದರೆ ಅವನನ್ನು ಪರಮಪ್ರಸಾದದಿಂದ ದೂರ ಇಡಬೇಕು, ತಿದ್ದಿಕೊಂಡು ಬಿಟ್ಟರೆ ಒಂದು ವರ್ಷದ ನಂತರ ಮತ್ತೆ ಸೇರಿಸಿಕೊಳ್ಳಬಹುದು ಎಂಬುದು ಅದರ ಸಾರಾಂಶ. ಇದನ್ನು ಓದಿದಾಗ ನನ್ನ ಕಣ್ಣು ನಿಂತದ್ದು 'ಹಣ ಕಟ್ಟಿ' ಎಂಬಲ್ಲಿ. ಆ ಹಿರಿಯರು ಆಟದ ಹೆಸರನ್ನಷ್ಟೇ ಹೇಳಿ ನಿಲ್ಲಿಸಲಿಲ್ಲ, ಹಣ ಎಂಬ ಮಾತನ್ನೂ ಬರೆದರು. ಶಿಕ್ಷೆಯ ಜೊತೆಗೆ ಮರಳಿ ಬರುವ ಬಾಗಿಲನ್ನೂ ತೆರೆದಿಟ್ಟರು.

ಇದಕ್ಕಿಂತ ಬಿಗಿಯಾಗಿದ್ದವರು ಫ್ರಾನ್ಸಿನ ರಾಜ, ಸಂತ ಒಂಬತ್ತನೆಯ ಲೂಯಿ. 1254ರಲ್ಲಿ ತಮ್ಮ ರಾಜ್ಯದಲ್ಲಿ ದಾಳ ತಯಾರಿಸುವುದನ್ನೇ ನಿಷೇಧಿಸಿದರು. ಅದಕ್ಕೆ ನಾಲ್ಕು ವರ್ಷ ಹಿಂದೆ ಕ್ರೂಸೇಡ್ ಯುದ್ಧದಲ್ಲಿ ಸೋತು ಹಡಗಿನಲ್ಲಿ ಹೋಗುತ್ತಿದ್ದಾಗ ನಡೆದ ಘಟನೆಯನ್ನು ಜೊತೆಗಿದ್ದ ಜ್ವಾನ್‌ವಿಲ್ ಬರೆದಿದ್ದಾನೆ. ಯುದ್ಧದಲ್ಲಿ ಒಬ್ಬ ತಮ್ಮ ಸತ್ತಿದ್ದ. ಆ ದುಃಖ ಆರುವ ಮೊದಲೇ ಇನ್ನೊಬ್ಬ ತಮ್ಮ ಚಾರ್ಲ್ಸ್ ಹಡಗಿನಲ್ಲಿ ಕೂತು ಹಣ ಕಟ್ಟಿ ಇದೇ ಜಾತಿಯ ಆಟ ಆಡುತ್ತಿದ್ದ. ಕಾಯಿಲೆಯಿಂದ ಬಳಲಿದ್ದ ಲೂಯಿ ತೂರಾಡುತ್ತ ಬಂದು ದಾಳ, ಹಲಗೆ ಎತ್ತಿ ಸಮುದ್ರಕ್ಕೆ ಎಸೆದರು. ಎದುರು ಕೂತು ಆಡುತ್ತಿದ್ದ ಸರದಾರ ಮಾತ್ರ ಜಾಣ: ಹಲಗೆಯ ಮೇಲಿದ್ದ ಹಣವನ್ನೆಲ್ಲ ಮಡಿಲಿಗೆ ಸುರಿದುಕೊಂಡು ಎದ್ದು ಹೋದ. ಹಲಗೆ ಮುಳುಗಿತು, ದಾಳ ಮುಳುಗಿತು, ಹಣ ಉಳಿಯಿತು. ಕೇವಲ ಆಟದ ಸಾಮಾನು ಎಸೆದರೆ ಪಿಡುಗು ಹೋಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಅದೇ ಶತಮಾನದ ಇನ್ನೊಬ್ಬ ಕ್ರೈಸ್ತ ರಾಜ, ಸ್ಪೇನಿನ ಹತ್ತನೆಯ ಅಲ್ಫೋನ್ಸೊ, ಬೇರೆ ದಾರಿ ಹಿಡಿದ. 1283ರಲ್ಲಿ ಅವನು ಚದುರಂಗ, ದಾಳ, ಹಲಗೆಯಾಟಗಳ ಬಗ್ಗೆ ಚಿತ್ರಗಳಿರುವ ದೊಡ್ಡ ಪುಸ್ತಕವನ್ನೇ ಮಾಡಿಸಿದ. ಅದರ ಆರಂಭದಲ್ಲಿ ಭಾರತದ ರಾಜನ ಕಥೆಯೊಂದಿದೆ. ರಾಜನಿಗೆ ಮೂವರು ಪಂಡಿತರು. ಬದುಕಿನಲ್ಲಿ ದೊಡ್ಡದು ಬುದ್ಧಿ ಎಂದ ಒಬ್ಬ. ಅಲ್ಲ, ದೈವ ಎಂದ ಇನ್ನೊಬ್ಬ. ಎರಡೂ ಬೇಕು, ದೈವ ಕೊಟ್ಟದ್ದನ್ನು ಬುದ್ಧಿಯಿಂದ ನಡೆಸಿಕೊಳ್ಳುವವನೇ ಜಾಣ ಎಂದ ಮೂರನೆಯವನು. ಸಾಕ್ಷಿ ತನ್ನಿ ಎಂದ ರಾಜ. ಮೊದಲನೆಯವನು ಚದುರಂಗ ತಂದ, ಎರಡನೆಯವನು ದಾಳ ತಂದ, ಮೂರನೆಯವನು ಹಲಗೆ, ಕಾಯಿ, ದಾಳ ಮೂರೂ ಇರುವ ಆಟ ತಂದ. ಅದೇ ಬ್ಯಾಕ್‌ಗ್ಯಾಮನ್‌ನ ಪೂರ್ವಜ.

ಆಡುವುದು ಹೇಗೆ

ಆ ಮೂರನೆಯ ಪಂಡಿತನ ಮಾತು ಎಷ್ಟು ನಿಜ ಎಂಬುದು ಆಡಿದಾಗಲೇ ತಿಳಿಯುತ್ತದೆ. ಅಂಗಡಿಗೆ ಹೋಗಬೇಕಿಲ್ಲ. ರಟ್ಟಿನ ಹಾಳೆ, ಸ್ಕೆಚ್ ಪೆನ್, ಎರಡು ಬಣ್ಣದ ಬಾಟಲಿ ಮುಚ್ಚಳ ಹದಿನೈದು ಹದಿನೈದು, ಲೂಡೋ ಡಬ್ಬಿಯ ಎರಡು ದಾಳ ಸಾಕು. ಮುಚ್ಚಳ ಸಿಗದಿದ್ದರೆ ಹುಣಸೆಬೀಜ ಮತ್ತು ಕಡಲೆಕಾಳು.

ಹಲಗೆ: ಮೇಲೆ 12, ಕೆಳಗೆ 12 ಮೊನೆಯಾದ ತ್ರಿಕೋನ ಬರೆಯಿರಿ. ಇವೇ 24 ಮನೆ. ನಡುವೆ ಮೇಲಿಂದ ಕೆಳಕ್ಕೆ ಒಂದು ಪಟ್ಟಿ ಬಿಡಿ, ಅದರ ಎರಡೂ ಕಡೆ ಆರಾರು ಮನೆ ಬರಲಿ. ನೀವು ಕೂತ ಕಡೆ ಬಲ ಮೂಲೆಯ ಮನೆ ನಿಮಗೆ 1. ಅಲ್ಲಿಂದ ಎಡಕ್ಕೆ 12ರವರೆಗೆ ಎಣಿಸಿ, ಮೇಲಕ್ಕೆ ಹತ್ತಿ 13ರಿಂದ ಬಲಕ್ಕೆ ಎಣಿಸುತ್ತ ಬಂದರೆ ಮೇಲಿನ ಬಲ ಮೂಲೆ 24. ಎದುರಿನವರ ಎಣಿಕೆ ಇದಕ್ಕೆ ತಿರುಗಾ ಮುರುಗಾ: ನಿಮ್ಮ 24 ಅವರಿಗೆ 1.

ಕಾಯಿ ಇಡುವುದು: ನಿಮ್ಮ 24ರಲ್ಲಿ 2, 13ರಲ್ಲಿ 5, 8ರಲ್ಲಿ 3, 6ರಲ್ಲಿ 5. ಕೂಡಿಸಿದರೆ 15. ಎದುರಿನವರೂ ತಮ್ಮ ಎಣಿಕೆಯಂತೆ ಹಾಗೆಯೇ ಇಡಬೇಕು. ನಿಮ್ಮ ಕಾಯಿಗಳೆಲ್ಲ ದೊಡ್ಡ ಅಂಕಿಯಿಂದ ಸಣ್ಣ ಅಂಕಿಯ ಕಡೆಗೆ ಇಳಿಯುತ್ತ ಬರಬೇಕು. 1ರಿಂದ 6ರವರೆಗಿನ ಮನೆಗಳು ನಿಮ್ಮ ಸ್ವಂತ ಮನೆ. ಹದಿನೈದೂ ಕಾಯಿ ಅಲ್ಲಿಗೆ ಬಂದ ಮೇಲೆ ಒಂದೊಂದಾಗಿ ಹಲಗೆಯಿಂದ ಹೊರಗೆ ತೆಗೆಯಬೇಕು. ಮೊದಲು ಎಲ್ಲವನ್ನೂ ತೆಗೆದವರು ಗೆದ್ದರು. ನಮ್ಮ ಮಾತಿನಲ್ಲಿ ಹೇಳುವುದಾದರೆ ಹದಿನೈದೂ ಕಾಯಿ ಹಣ್ಣಾಗಬೇಕು.

ನಡೆ: ಮೊದಲು ಇಬ್ಬರೂ ಒಂದೊಂದು ದಾಳ ಒಗೆಯಿರಿ. ಹೆಚ್ಚು ಬಿದ್ದವರು ಆ ಎರಡೂ ಅಂಕಿಗಳಿಂದ ಆಟ ಶುರು ಮಾಡುತ್ತಾರೆ. ಎರಡೂ ಒಂದೇ ಆದರೆ ಮತ್ತೆ ಒಗೆಯಿರಿ. ಆಮೇಲೆ ಸರದಿಗೆ ಎರಡು ದಾಳ. 5 ಮತ್ತು 3 ಬಿದ್ದರೆ ಒಂದು ಕಾಯಿ ಐದು ಮನೆ, ಇನ್ನೊಂದು ಮೂರು ಮನೆ. ಅಥವಾ ಒಂದೇ ಕಾಯಿಯನ್ನು ಎರಡು ಹೆಜ್ಜೆಯಲ್ಲಿ ಎಂಟು ಮನೆ. ಎರಡರಲ್ಲೂ ಒಂದೇ ಅಂಕಿ ಬಿದ್ದರೆ ಅದನ್ನು ನಾಲ್ಕು ಸಲ ನಡೆಸಬಹುದು. ನಡೆಯಲು ಸಾಧ್ಯವಿದ್ದಾಗ ಸುಮ್ಮನೆ ಕೂಡುವಂತಿಲ್ಲ.

ತಡೆ ಮತ್ತು ಹೊಡೆತ: ಎದುರಿನವರ ಎರಡು ಅಥವಾ ಹೆಚ್ಚು ಕಾಯಿ ಇರುವ ಮನೆಯಲ್ಲಿ ನಿಮ್ಮ ಕಾಯಿ ಇಳಿಯುವಂತಿಲ್ಲ. ಒಂಟಿ ಕಾಯಿ ಇದ್ದರೆ ಹೊಡೆಯಬಹುದು. ಹೊಡೆತ ತಿಂದ ಕಾಯಿ ನಡುಪಟ್ಟಿಯ ಮೇಲೆ ಕೂಡುತ್ತದೆ. ಅದರ ಒಡೆಯ ಮೊದಲು ಅದನ್ನು ಎದುರಿನವರ ಸ್ವಂತ ಮನೆಯಲ್ಲಿ ಇಳಿಸಬೇಕು, ಅಲ್ಲಿಯವರೆಗೆ ಬೇರೆ ಯಾವ ಕಾಯಿಯನ್ನೂ ಮುಟ್ಟುವಂತಿಲ್ಲ. ದಾಳ 1 ಬಿದ್ದರೆ 24ನೆಯ ಮನೆಗೆ, 2 ಬಿದ್ದರೆ 23ನೆಯ ಮನೆಗೆ, ಹೀಗೆ 6 ಬಿದ್ದರೆ 19ನೆಯ ಮನೆಗೆ ಇಳಿಯುತ್ತದೆ. ಆ ಮನೆಗಳಲ್ಲಿ ಎದುರಿನವರ ಜೋಡಿ ಕೂತಿದ್ದರೆ ಆ ಸರದಿ ದಂಡ.

ಕಾಯಿ ತೆಗೆಯುವುದು: 4 ಬಿದ್ದರೆ 4ನೆಯ ಮನೆಯ ಕಾಯಿ ತೆಗೆಯಬಹುದು. ಅಲ್ಲಿ ಕಾಯಿ ಇಲ್ಲದೆ ಅದಕ್ಕಿಂತ ಮೇಲಿನ ಮನೆಯಲ್ಲಿದ್ದರೆ ಅದನ್ನು ನಡೆಸಬೇಕು. ಮೇಲೂ ಇಲ್ಲದಿದ್ದರೆ ಉಳಿದವುಗಳಲ್ಲಿ ದೊಡ್ಡ ಅಂಕಿಯ ಮನೆಯ ಕಾಯಿ ತೆಗೆಯಿರಿ.

ಕಲಿಯುವವರಿಗೆ ಮೂರು ಒಗೆತ ಬಾಯಿಪಾಠವಾಗಿರಲಿ. ಆಟದ ಮೊದಲ ನಡೆಯಲ್ಲೇ 3 ಮತ್ತು 1 ಬಿದ್ದರೆ, 8ರಿಂದ ಒಂದು, 6ರಿಂದ ಒಂದು ಕಾಯಿ ತಂದು 5ನೆಯ ಮನೆಯಲ್ಲಿ ಜೋಡಿ ಕಟ್ಟಿ. 4 ಮತ್ತು 2 ಬಿದ್ದರೆ ಅದೇ 8 ಮತ್ತು 6ರಿಂದ 4ನೆಯ ಮನೆಯಲ್ಲಿ ಜೋಡಿ. 6 ಮತ್ತು 1 ಬಿದ್ದರೆ 13 ಮತ್ತು 8ರಿಂದ 7ನೆಯ ಮನೆಯಲ್ಲಿ ಜೋಡಿ. ಆರು ಮನೆ ಸಾಲಾಗಿ ಜೋಡಿ ಕಟ್ಟಿದರೆ ಅದು ಕೋಟೆ. ಅದರ ಹಿಂದೆ ಸಿಕ್ಕ ಕಾಯಿ ಯಾವ ದಾಳ ಬಿದ್ದರೂ ದಾಟಲಾರದು.

36ರ ಲೆಕ್ಕ

ಬಿಎಸ್ಸಿ ಓದಿದವನಾಗಿ ಇಷ್ಟು ಹೇಳದೆ ಬಿಟ್ಟರೆ ಸಮಾಧಾನವಿಲ್ಲ. ಎರಡು ದಾಳ 36 ರೀತಿಯಲ್ಲಿ ಬೀಳಬಹುದು. ನಿಮ್ಮ ಒಂಟಿ ಕಾಯಿ ಎದುರಿನವರ ಕಾಯಿಯಿಂದ ಒಂದೇ ಮನೆ ದೂರದಲ್ಲಿದ್ದರೆ, ಅದಕ್ಕೆ ಹೊಡೆತ ಬೀಳುವ ರೀತಿ 36ರಲ್ಲಿ 11. ಆರು ಮನೆ ದೂರದಲ್ಲಿದ್ದರೆ ನಡುವೆ ತಡೆ ಇಲ್ಲದಾಗ 17. ಏಕೆಂದರೆ ಯಾವುದಾದರೂ ಒಂದು ದಾಳದಲ್ಲಿ 6 ಬೀಳುವ ರೀತಿ 11. ಅದಕ್ಕೆ 5+1 ಎರಡು ರೀತಿ, 4+2 ಎರಡು ರೀತಿ, ಜೋಡಿ 3 ಒಂದು, ಜೋಡಿ 2 ಒಂದು ಕೂಡಿಸಿ. ಅದೇ ಏಳು ಮನೆ ದೂರ ಹೋದರೆ ಒಮ್ಮೆಲೆ 6ಕ್ಕೆ ಇಳಿಯುತ್ತದೆ. ಒಂದೇ ಒಂದು ಮನೆ ಆಚೆ ಇಟ್ಟರೆ ಅಪಾಯ ಸುಮಾರು ಮೂರರಲ್ಲಿ ಒಂದು ಪಾಲಿಗೆ ಇಳಿಯಿತು.

ಈ ಎಣಿಕೆಯ ಆಸೆ ನಮ್ಮಲ್ಲಿ ಹಳೆಯದು. ದಾಳದಾಟದಲ್ಲಿ ರಾಜ್ಯ ಕಳೆದುಕೊಂಡ ನಳ ಮಹಾರಾಜ ಕೊನೆಗೆ ಋತುಪರ್ಣನಿಂದ ಅಕ್ಷವಿದ್ಯೆ ಕಲಿಯುತ್ತಾನೆ. ಆ ಋತುಪರ್ಣ ಮರದ ಎಲೆ, ಹಣ್ಣು ಎಷ್ಟೆಂದು ಹೇಳಬಲ್ಲವನು. ದಾಳವನ್ನೂ ಎಣಿಕೆಯನ್ನೂ ಒಂದೇ ವಿದ್ಯೆಯಾಗಿ ಕಂಡ ಕಥೆ ಅದು. ಕನಕದಾಸರ 'ನಳಚರಿತ್ರೆ'ಯಿಂದ ಅದು ಕನ್ನಡಿಗರ ಮನೆಮಾತಾಯಿತು. ಯುರೋಪಿನಲ್ಲಿ 1654ರಲ್ಲಿ ಪಾಸ್ಕಲ್ ಮತ್ತು ಫೆರ್ಮಾ, ನಡುವೆ ನಿಂತುಹೋದ ಆಟದ ಪಣವನ್ನು ಹೇಗೆ ಹಂಚಬೇಕು ಎಂದು ಪತ್ರ ಬರೆದುಕೊಂಡರು. ಸಂಭವನೀಯತೆಯ ಗಣಿತ ಬೆಳೆದದ್ದು ಅಲ್ಲಿಂದ. 1979ರಲ್ಲಿ ಹಾನ್ಸ್ ಬರ್ಲಿನರ್ ಬರೆದ ಕಂಪ್ಯೂಟರ್ ಪ್ರೋಗ್ರಾಂ ಬ್ಯಾಕ್‌ಗ್ಯಾಮನ್ ವಿಶ್ವ ಚಾಂಪಿಯನ್ ಲುಯಿಜಿ ವಿಲ್ಲಾನನ್ನು 7-1ರಿಂದ ಸೋಲಿಸಿತು. ತನ್ನ ಪ್ರೋಗ್ರಾಂಗೆ ದಾಳವೂ ಒಲಿದಿತ್ತು ಎಂದು ಬರ್ಲಿನರ್ ತಾನೇ ಒಪ್ಪಿಕೊಂಡ. 1992ರಲ್ಲಿ ಐಬಿಎಂನ ಜೆರಾಲ್ಡ್ ಟೆಸಾರೊ ಮಾಡಿದ ಪ್ರೋಗ್ರಾಂ ತನ್ನೊಂದಿಗೆ ತಾನೇ ಆಡಿ ಆಡಿ ಕಲಿಯಿತು. ಇಂದಿನ ಎಐ ಬೆಳೆದ ದಾರಿಯಲ್ಲಿ ಅದು ದೊಡ್ಡ ಹೆಜ್ಜೆ.

ಇಷ್ಟೆಲ್ಲ ಲೆಕ್ಕ ಕಲಿತರೂ ಯಾವ ಅಂಕಿ ಬೀಳುತ್ತದೆ ಎಂದು ಹೇಳಲಾಗುವುದಿಲ್ಲ. ಬಿದ್ದದ್ದಕ್ಕೆ ಒಳ್ಳೆಯ ನಡೆ ಯಾವುದು ಎಂದು ಮಾತ್ರ ಹೇಳಬಹುದು. ಮಳೆ ನೆಚ್ಚಿದ ಊರಿನವರಾದ ನಮಗೆ ಇದು ಬೇರೆಯವರು ಹೇಳಿಕೊಡಬೇಕಾದ ಪಾಠವಲ್ಲ.

ಪಣ ಎಂಬ ಮೂರನೆಯವನು

ಈಗ ಉತ್ತರ. ಹಲಗೆಯ ಮುಂದೆ ಕೂಡುವವರು ಇಬ್ಬರು. ದಾಳ ಇಬ್ಬರಿಗೂ ಸಮ. ಪಣ ಮಾತ್ರ ಕರೆಯದೆ ಬಂದು ಕೂಡುವ ಮೂರನೆಯವನು. ಧರ್ಮರಾಯ ಸೋತದ್ದು ಆಟವನ್ನಲ್ಲ, ಸೋತದ್ದು ರಾಜ್ಯ, ತಮ್ಮಂದಿರು, ಕೊನೆಗೆ ದ್ರೌಪದಿ. ಪಣ ಇಲ್ಲದಿದ್ದರೆ ಶಕುನಿ ಎಷ್ಟು ಸಲ ಗೆದ್ದಿದ್ದರೂ ಯಾರ ಸೀರೆಗೂ ಕೈ ಹೋಗುತ್ತಿರಲಿಲ್ಲ. ಬ್ಯಾಕ್‌ಗ್ಯಾಮನ್‌ಗೂ 1920ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ 2, 4, 8, 16, 32, 64 ಎಂದು ಬರೆದ ಒಂದು ದಾಳ ಸೇರಿಕೊಂಡಿತು. ಅದು ಕಾಯಿ ನಡೆಸಲು ಅಲ್ಲ, ಪಣವನ್ನು ಎರಡು ಪಟ್ಟು, ನಾಲ್ಕು ಪಟ್ಟು ಏರಿಸಲು. ಅದಿಲ್ಲದೆಯೂ ಆಟ ಪೂರ್ತಿ ಆಟವೇ. ಅದಕ್ಕೇ ಮೇಲಿನ ಪಾಠದಲ್ಲಿ ಅದನ್ನು ಸೇರಿಸಲಿಲ್ಲ.

ನಮ್ಮ ಕಾಲದಲ್ಲಿ ಆ ಮೂರನೆಯವನು ಮೊಬೈಲಿನೊಳಗೆ ಕೂತಿದ್ದಾನೆ. ಲೂಡೋ, ರಮ್ಮಿ ಹೆಸರಿನಲ್ಲಿ ಮೊದಲು ಹತ್ತು ರೂಪಾಯಿ ಕೇಳುತ್ತಾನೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಮಾಡಿತು. ಒಳ್ಳೆಯದೇ. ಆದರೆ ಲೂಯಿ ರಾಜರ ಹಡಗನ್ನು ಮರೆಯಬೇಡಿ. ಹಲಗೆ ಮುಳುಗಿದರೂ ಹಣ ಯಾರದೋ ಮಡಿಲು ಸೇರಿತ್ತು. ಕಬ್ಬು ಕಡಿಯಲು ಹೋಗಿ ಆರು ತಿಂಗಳು ದುಡಿದು ತಂದ ದುಡ್ಡು, ದ್ರಾಕ್ಷಿ ಬೆಳೆಗೆ ತೆಗೆದ ಸಾಲದ ದುಡ್ಡು ಒಂದು ರಾತ್ರಿಯಲ್ಲಿ ಪರದೆಯೊಳಗೆ ಹೋದರೆ ಮನೆಯಲ್ಲಿ ಒಲೆ ಉರಿಯುವುದಿಲ್ಲ. ಕಥೋಲಿಕ ಧರ್ಮೋಪದೇಶ ಗ್ರಂಥದ 2413ನೆಯ ಸಂಖ್ಯೆಯೂ ಇದನ್ನೇ ಅಳತೆಗೋಲಾಗಿ ಇಡುತ್ತದೆ. ಅದೃಷ್ಟದ ಆಟ ತಾನಾಗಿಯೇ ಅನ್ಯಾಯವಲ್ಲ, ಆದರೆ ತನಗೂ ತನ್ನನ್ನು ನಂಬಿದವರಿಗೂ ಬೇಕಾದದ್ದನ್ನು ಅದು ಕಸಿದುಕೊಂಡರೆ ತಪ್ಪು, ಅದರ ಚಟ ಮನುಷ್ಯನನ್ನು ಗುಲಾಮನಾಗಿ ಮಾಡಬಹುದು ಎಂಬುದು ಅದರ ಸಾರ.

ಇದೇ ಅಳತೆಗೋಲನ್ನು ನಮ್ಮ ಹಬ್ಬದ ಹೌಸಿಗೂ ಹಿಡಿದು ನೋಡೋಣ. ಬಡವರ ಕಲ್ಯಾಣಕ್ಕೆಂದು ಟಿಕೆಟ್ ಮಾರುವಾಗ ಬಡವರೇ ಹೆಚ್ಚು ಟಿಕೆಟ್ ಕೊಳ್ಳುತ್ತಿದ್ದಾರೆಯೇ? ಮಕ್ಕಳು ಮೊದಲ ಸಲ ಹಣ ಕಟ್ಟಿ ಆಡುವುದನ್ನು ಕಲಿಯುವ ಜಾಗ ಅದೇ ಆಗುತ್ತಿದೆಯೇ? ಇದನ್ನು ಯುವಜನರೇ ಕೂತು ಮಾತಾಡಬೇಕು. ಕಾಕು ಕೇಳಿದಷ್ಟು ನೇರವಾಗಿ ನಾವೂ ಕೇಳಿಕೊಳ್ಳಬೇಕು.

ನನ್ನ ಸಲಹೆ ಇಷ್ಟು. ಭಾನುವಾರ ಪೂಜೆಯ ನಂತರ ಒಂದು ತಾಸು ಹಲಗೆ ಹಾಸೋಣ. ಒಂದು ಕಡೆ ಬ್ಯಾಕ್‌ಗ್ಯಾಮನ್, ಇನ್ನೊಂದು ಕಡೆ ಅಜ್ಜಿಯರ ಚೌಕಾಬಾರ. ನಿಯಮ ಮೂರೇ: ಹಣ ಇಲ್ಲ, ಹಣದ ಬದಲು ಬೇರೆ ಯಾವ ವಸ್ತುವೂ ಇಲ್ಲ, ಸೋತವರನ್ನು ಹೀಯಾಳಿಸುವಂತಿಲ್ಲ. ಮೊದಲ ಹಲಗೆಯ ರಟ್ಟು ನಾನು ತರುತ್ತೇನೆ. ಮುಚ್ಚಳಗಳನ್ನು ನೀವು ಕೂಡಿಸಿಡಿ, ಒಂದು ಬಣ್ಣದವು 15, ಇನ್ನೊಂದು ಬಣ್ಣದವು 15. ಕಾಕು ಅವರೇ, ಮೊದಲ ಆಟ ನಿಮ್ಮ ಜೊತೆ. ಪಗಡಿ ಆಡಿ ಪಳಗಿದ ಕೈ ನಿಮ್ಮದು, ನನ್ನ 36ರ ಲೆಕ್ಕ ನಿಮ್ಮ ಮುಂದೆ ಎಷ್ಟು ಹೊತ್ತು ನಿಲ್ಲುತ್ತದೆಯೋ ನೋಡೋಣ.